ಬಾಟಲಿ ಹಾಲಿನ ಮೇಕೆ ಮರಿಗೆ ಭೇದಿ: ಮೊದಲು ಬೆಚ್ಚಗೆ, ಆಮೇಲೆ ನೀರು, ಕೊನೆಗೆ ಹಾಲು

ತಾಯಿ ಸತ್ತ ಮರಿ, ಮೂರು ಹಾಕಿದ ಮೇಕೆಯಲ್ಲಿ ಹಾಲು ಸಾಲದೆ ಉಳಿದ ಮರಿ, ತಾಯಿಯೇ ಗುದ್ದಿ ಓಡಿಸುವ ಮರಿ. ಕಡೂರು, ಅರಸೀಕೆರೆ ಕಡೆಯ ರೊಪ್ಪಗಳಲ್ಲೂ ಸಕಲೇಶಪುರ, ಮೂಡಿಗೆರೆಯ ತೋಟದ ಮನೆಗಳಲ್ಲೂ ಇಂಥ ಮರಿಗೆ ಬಾಟಲಿ ಹಿಡಿಯುವವರು ಇದ್ದೇ ಇರುತ್ತಾರೆ. ಮೂರ್ನಾಲ್ಕು ದಿನ ಎಲ್ಲ ಚೆನ್ನಾಗಿರುತ್ತದೆ. ಬಾಲ ಕುಣಿಸಿಕೊಂಡು ಹೀರುತ್ತದೆ. ಆಮೇಲೆ ಒಂದು ದಿನ ಬೆಳಿಗ್ಗೆ ನೋಡಿದರೆ ಹಿಂಗಾಲೆಲ್ಲ ಹಳದಿ ನೀರು.

ಇಲ್ಲಿಂದ ಮುಂದೆ ಬಹಳ ಮನೆಗಳಲ್ಲಿ ನಡೆಯುವುದು ಒಂದೇ ಸರಣಿ. ಮರಿ ಸೋತಿದೆ ಅಂತ ಹಾಲು ಜಾಸ್ತಿ ಕುಡಿಸುತ್ತಾರೆ. ನಿಲ್ಲದಿದ್ದರೆ ಗಂಜಿ ನೀರು. ಅದಕ್ಕೂ ನಿಲ್ಲದಿದ್ದರೆ ಮೆಡಿಕಲ್ ಶಾಪಿನಿಂದ ಮನುಷ್ಯರ ಭೇದಿ ಮಾತ್ರೆ ಅರ್ಧ. ಡಾಕ್ಟರಿಗೆ ಫೋನ್ ಹೋಗುವ ಹೊತ್ತಿಗೆ ಮರಿ ತಣ್ಣಗಾಗಿರುತ್ತದೆ. ಹೆಚ್ಚಿನ ಮರಿಗಳು ಸಾಯುವುದು ಭೇದಿಯಿಂದಲೇ ಅನ್ನುವುದಕ್ಕಿಂತ, ಮೈಯಿಂದ ನೀರು, ಉಪ್ಪು, ಶಾಖ ಹೋದದ್ದರಿಂದ. ಹಾಗಾಗಿ ಯಾವ ಔಷಧಿ ಅನ್ನುವುದಕ್ಕಿಂತ ಯಾವುದು ಮೊದಲು ಅನ್ನುವುದೇ ಇಲ್ಲಿ ಮುಖ್ಯ. ಕೆಳಗಿನ ಹಂತಗಳನ್ನು ಅದೇ ಕ್ರಮದಲ್ಲಿ ಮಾಡಿ. ಕುರಿ ಮರಿಗೂ ಇದೇ ಕ್ರಮ ನಡೆಯುತ್ತದೆ.

## ಮೊದಲೇ ಒಂದು ಮಾತು: ತೋಟದಲ್ಲಿ ಸಿಕ್ಕಿದ ಜಿಂಕೆ ಮರಿಯಾದರೆ

ಕಾಫಿ ತೋಟದಲ್ಲಿ ಜಿಂಕೆ, ಕಡವೆ ಅಥವಾ ಕಾಡುಕುರಿಯ ಮರಿ ಒಂಟಿಯಾಗಿ ಮಲಗಿರುವುದು ಕಂಡರೆ ಮನೆಗೆ ತಂದು ಬಾಟಲಿ ಹಿಡಿಯಬೇಡಿ. ತಾಯಿ ಮರಿಯನ್ನು ಪೊದೆಯಲ್ಲಿ ಬಚ್ಚಿಟ್ಟು ಮೇಯಲು ಹೋಗುವುದು ಅವುಗಳ ಪದ್ಧತಿ. ತಬ್ಬಲಿ ಅಂತ ನಾವು ಎತ್ತಿ ತಂದಾಗಲೇ ಅದು ತಬ್ಬಲಿ ಆಗುವುದು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಪ್ರಕಾರ ಕಾಡುಪ್ರಾಣಿ ಸಾಕುವುದು ಅಪರಾಧವೂ ಹೌದು. ದೂರ ನಿಂತು ನೋಡಿ, ನಾಯಿಗಳನ್ನು ಕಟ್ಟಿಹಾಕಿ. ಗಾಯವಾಗಿದ್ದರೆ ಅಥವಾ ತಾಯಿ ಸತ್ತಿರುವುದು ಕಣ್ಣಿಗೆ ಕಂಡಿದ್ದರೆ ಅರಣ್ಯ ಇಲಾಖೆಯ 1926ಕ್ಕೆ ಫೋನ್ ಮಾಡಿ. ಅವರು ಬರುವ ತನಕ ನೆರಳಲ್ಲಿ, ಗದ್ದಲವಿಲ್ಲದ ಕಡೆ ಇರಲಿ. ಹಸುವಿನ ಹಾಲು ಕುಡಿಸಬೇಡಿ.

## ಕೈಗೆ ಸಿಗುವಂತೆ ಇರಬೇಕಾದ ಸಾಮಾನು

ಡಿಜಿಟಲ್ ಥರ್ಮಾಮೀಟರ್ (ಮನುಷ್ಯರದ್ದೇ ಸಾಕು, ಆದರೆ ಮರಿಗೆ ಅಂತಲೇ ಬೇರೆ ಇಡಿ), ಮಗುವಿನ ಹಾಲಿನ ಬಾಟಲಿ, ಒಂದೆರಡು ಹೊಸ ನಿಪ್ಪಲ್, ಬಾಟಲಿ ಉಜ್ಜುವ ಬ್ರಷ್, ಓಆರ್‌ಎಸ್ ಪುಡಿ, ಗ್ಲೂಕೋಸ್ ಪುಡಿ, ಸೂಜಿ ಇಲ್ಲದ 10 ಮಿಲಿ ಸಿರಿಂಜ್, ವ್ಯಾಸಲೀನ್, ಹಳೆ ಟವೆಲ್, ಒಣ ಗೋಣಿಚೀಲ. ಮರಿ ತೂಗಲು ಕೊಕ್ಕೆಯ ತಕ್ಕಡಿ ಇದ್ದರೆ ಒಳ್ಳೆಯದು. ಬಟ್ಟೆಯ ಚೀಲದಲ್ಲಿ ಮರಿಯನ್ನು ತಲೆ ಹೊರಗಿಟ್ಟು ಕೂರಿಸಿ ತೂಗಬಹುದು.

ತೂಕ ಗೊತ್ತಿಲ್ಲದೆ ಮುಂದಿನ ಯಾವ ಲೆಕ್ಕವೂ ನಿಲ್ಲುವುದಿಲ್ಲ. ಇಷ್ಟುದ್ದ ಇದೆ, ಒಂದೆರಡು ಕೆ.ಜಿ. ಇರಬಹುದು ಅನ್ನುವ ಅಂದಾಜಿನಲ್ಲೇ ಅರ್ಧ ಮರಿಗಳಿಗೆ ಹೊಟ್ಟೆ ಕೆಡುವುದು.

## ಹಂತ 1: ಹಾಲು ನಿಲ್ಲಿಸಿ, ಮೈ ಶಾಖ ನೋಡಿ

ಭೇದಿ ಕಂಡ ಕೂಡಲೇ ಮುಂದಿನ ಒಂದು ಹೊತ್ತಿನ ಹಾಲು ಕೊಡಬೇಡಿ. ಥರ್ಮಾಮೀಟರ್ ತುದಿಗೆ ವ್ಯಾಸಲೀನ್ ಸವರಿ, ಗುದದ್ವಾರದೊಳಗೆ ಮೆಲ್ಲಗೆ ಇಟ್ಟು, ಸ್ವಲ್ಪ ಪಕ್ಕಕ್ಕೆ ಒತ್ತಿ ಹಿಡಿಯಿರಿ. ಹಿಕ್ಕೆಯ ನಡುವೆ ಸಿಕ್ಕಿಕೊಂಡರೆ ತಪ್ಪು ಸಂಖ್ಯೆ ಬರುತ್ತದೆ.

ಇಲ್ಲಿ ಬಹಳ ಜನ ಮೋಸ ಹೋಗುತ್ತಾರೆ. ಮರಿಯ ಮಾಮೂಲಿ ಶಾಖ 101.5ರಿಂದ 103.5 ಡಿಗ್ರಿ ಫ್ಯಾರನ್‌ಹೀಟ್. ನಮಗೆ 102 ಅಂದರೆ ಜ್ವರ, ಮರಿಗೆ ಅದು ಆರೋಗ್ಯ. ನಮಗೆ 98.6 ಅಂದರೆ ನಾರ್ಮಲ್, ಮರಿಗೆ ಅದು ಅಪಾಯದ ಗಂಟೆ. 'ಜ್ವರ ಏನಿಲ್ಲ, 98 ಇದೆ' ಅಂತ ಸಮಾಧಾನ ಮಾಡಿಕೊಂಡವರ ಮರಿ ಸಂಜೆಗೆ ಉಳಿದಿರುವುದಿಲ್ಲ.

100ಕ್ಕಿಂತ ಕೆಳಗಿದ್ದರೆ ಮೊದಲು ಬೆಚ್ಚಗೆ ಮಾಡಿ. ಒದ್ದೆ ಇದ್ದರೆ ಟವೆಲಿನಿಂದ ಉಜ್ಜಿ ಒಣಗಿಸಿ. ರಾಗಿ ಹುಲ್ಲು ಅಥವಾ ಭತ್ತದ ಹುಲ್ಲಿನ ಮೇಲೆ ಗೋಣಿ ಹಾಸಿ ಮಲಗಿಸಿ. ಬಿಸಿ ನೀರು ತುಂಬಿದ ಬಾಟಲಿಗಳನ್ನು ಟವೆಲಿನಲ್ಲಿ ಸುತ್ತಿ ಎರಡೂ ಪಕ್ಕೆಗೆ ಇಡಿ. ಬಾಟಲಿ ನೇರವಾಗಿ ಚರ್ಮಕ್ಕೆ ತಾಗಬಾರದು, ಸುಡುತ್ತದೆ. ಬಲ್ಬ್ ಕಟ್ಟುವುದಾದರೆ ಹುಲ್ಲಿಗೆ, ಗೋಣಿಗೆ ತಾಗದ ಎತ್ತರದಲ್ಲಿ ಗಟ್ಟಿಯಾಗಿ ಕಟ್ಟಿ. ಮಲೆನಾಡಿನಲ್ಲಿ ಮಳೆಗಾಲದ ಕರೆಂಟನ್ನು ನಂಬಿ ಕೂರಲಾಗುವುದಿಲ್ಲ, ಬಿಸಿ ನೀರಿನ ಬಾಟಲಿಯೇ ಗ್ಯಾರಂಟಿ.

98.6ಕ್ಕಿಂತ ಕೆಳಗಿದ್ದರೆ ಬಾಯಿಗೆ ಏನೂ ಸುರಿಯಬೇಡಿ. ತಣ್ಣಗಾದ ಮರಿಯ ಕರುಳು ಕೆಲಸ ನಿಲ್ಲಿಸಿರುತ್ತದೆ, ನುಂಗುವ ಶಕ್ತಿಯೂ ಹೋಗಿರುತ್ತದೆ. ಸುರಿದ ಹಾಲು ಶ್ವಾಸಕೋಶಕ್ಕೆ ಹೋಗುತ್ತದೆ, ಇಲ್ಲವೇ ಹೊಟ್ಟೆಯಲ್ಲೇ ಕೂತು ಕೊಳೆಯುತ್ತದೆ. ತಲೆ ಎತ್ತಲಾಗದಷ್ಟು ತಣ್ಣಗಾಗಿದ್ದರೆ ರಕ್ತದಲ್ಲಿ ಸಕ್ಕರೆಯೂ ಇಳಿದಿರುತ್ತದೆ. ಗ್ಲೂಕೋಸ್ ಪುಡಿಯನ್ನು ಒಂದೆರಡು ಹನಿ ನೀರಲ್ಲಿ ಕಲಸಿ ವಸಡಿಗೆ ತೆಳ್ಳಗೆ ಸವರಿ, ಆಗಲೇ ಡಾಕ್ಟರನ್ನು ಕರೆಸಿ. ಅಂಥ ಮರಿಗೆ ಗ್ಲೂಕೋಸ್ ಇಂಜೆಕ್ಷನ್ ಬೇಕಾಗುತ್ತದೆ.

ಥರ್ಮಾಮೀಟರ್ ಇಲ್ಲದಿದ್ದರೆ ಕೈ ತೊಳೆದುಕೊಂಡು ಕಿರುಬೆರಳನ್ನು ಮರಿಯ ಬಾಯೊಳಗೆ ಇಡಿ. ಬಾಯಿ ಬೆಚ್ಚಗಿದ್ದು, ನಾಲಿಗೆ ಬೆರಳನ್ನು ಸುತ್ತಿ ಎಳೆದುಕೊಂಡರೆ ಕುಡಿಸಬಹುದು. ಬಾಯಿ ತಣ್ಣಗಿದ್ದು, ಬೆರಳು ಸುಮ್ನೆ ಒಳಗೆ ಬಿದ್ದಿದ್ದರೆ ಕುಡಿಸಬಾರದು.

## ಹಂತ 2: ಮೈಯಲ್ಲಿ ನೀರು ಎಷ್ಟು ಹೋಗಿದೆ ನೋಡಿ

ಕತ್ತಿನ ಪಕ್ಕದ ಚರ್ಮವನ್ನು ಎರಡು ಬೆರಳಲ್ಲಿ ಎತ್ತಿ ಬಿಡಿ. ತಕ್ಷಣ ಹಿಂದಕ್ಕೆ ಕೂತರೆ ಪರವಾಗಿಲ್ಲ. ಮಡಿಕೆ ಎರಡು ಸೆಕೆಂಡಿಗಿಂತ ಹೆಚ್ಚು ನಿಂತರೆ ನೀರು ಸಾಕಷ್ಟು ಹೋಗಿದೆ. ಆಮೇಲೆ ಕಣ್ಣು ನೋಡಿ. ಕಣ್ಣುಗುಡ್ಡೆ ಒಳಗೆ ಇಳಿದು ಕೆಳರೆಪ್ಪೆಗೂ ಗುಡ್ಡೆಗೂ ನಡುವೆ ಸಂದು ಕಂಡರೆ, ವಸಡು ಒಣಗಿ ಅಂಟಂಟಾಗಿದ್ದರೆ, ಬಾಯಲ್ಲಿ ಕೊಡುವ ನೀರು ಸಾಲುವುದಿಲ್ಲ. ಡ್ರಿಪ್ ಬೇಕು. ಮನೆಯಲ್ಲಿ ಪ್ರಯೋಗ ಮಾಡುತ್ತಾ ಕೂರುವ ಹೊತ್ತಲ್ಲ ಅದು.

## ಹಂತ 3: ಹಿಕ್ಕೆ ಓದುವುದನ್ನು ಕಲಿಯಿರಿ

ಡಾಕ್ಟರ್ ಕೇಳುವ ಮೊದಲ ಪ್ರಶ್ನೆಯೇ 'ಹೇಗೆ ಉಚ್ಚಿಕೊಳ್ತಿದೆ' ಅಂತ. ಬಣ್ಣ ಮತ್ತು ಮರಿಯ ವಯಸ್ಸು ಎರಡನ್ನೂ ಸೇರಿಸಿ ನೋಡಿದರೆ ಕಾರಣದ ಹತ್ತಿರ ಹೋಗಬಹುದು.

ಹುಟ್ಟಿದ ಮೊದಲ ದಿನ ಟಾರಿನಂತೆ ಕಪ್ಪಗೆ, ಅಂಟಂಟು ಇರುತ್ತದೆ. ಆಮೇಲೆ ಸಾಸಿವೆ ಹಳದಿಯ ಅಂಟು ಮಲ. ಇವೆರಡೂ ಸಹಜ. ಆ ಹಳದಿ ಅಂಟು ಒಣಗಿ ಬಾಲದ ಕೆಳಗೆ ಬಿರಡೆ ಹಾಕಿದಂತೆ ಮುಚ್ಚಿಕೊಂಡುಬಿಡುವುದುಂಟು. ಬೆಚ್ಚಗಿನ ನೀರಲ್ಲಿ ಬಟ್ಟೆ ಅದ್ದಿ ನೆನೆಸಿ ತೆಗೆಯಿರಿ, ಕಿತ್ತರೆ ಚರ್ಮ ಬರುತ್ತದೆ.

ಬಿಳಿ ಅಥವಾ ತಿಳಿ ಹಳದಿ, ಮೊಸರು ಒಡೆದಂತೆ ಗಟ್ಟಿಗಟ್ಟಿ, ಮರಿ ಮಾತ್ರ ಚುರುಕಾಗೇ ಇದೆ ಅಂದರೆ ಹಾಲು ಜಾಸ್ತಿಯಾಗಿದೆ, ಇಲ್ಲವೇ ಹಾಲು ಬದಲಾಗಿದೆ. ಬಾಟಲಿ ಮರಿಗಳಲ್ಲಿ ಇದೇ ಹೆಚ್ಚು. ಬೇಗ ಸರಿಹೋಗುವುದೂ ಇದೇ.

ಹುಟ್ಟಿ ಒಂದು ವಾರದೊಳಗೆ ನೀರಿನಂತೆ ಹಳದಿ ಭೇದಿ, ಜೊತೆಗೆ ಮರಿ ಮಂಕು ಅಂದರೆ ಇ-ಕೋಲಿಯಂಥ ಬ್ಯಾಕ್ಟೀರಿಯಾ ಸೋಂಕನ್ನು ಅನುಮಾನಿಸಬೇಕು. ಗಂಟೆಗಳ ಲೆಕ್ಕದಲ್ಲಿ ಮರಿ ಹೋಗುತ್ತದೆ. ಐದನೇ ದಿನದಿಂದ ಎರಡನೇ ವಾರದವರೆಗೆ ಕ್ರಿಪ್ಟೋಸ್ಪೊರಿಡಿಯಂ ಅನ್ನುವ ಪರೋಪಜೀವಿ, ರೋಟಾ ವೈರಸ್ ಕೂಡ ಬರಬಹುದು. ಕ್ರಿಪ್ಟೋಸ್ಪೊರಿಡಿಯಂ ಮನುಷ್ಯರಿಗೂ ಅಂಟುತ್ತದೆ. ಮಕ್ಕಳು ಮರಿಯನ್ನು ಮುದ್ದು ಮಾಡಿ ಅದೇ ಕೈಯಲ್ಲಿ ತಿಂಡಿ ತಿನ್ನದಂತೆ ನೋಡಿಕೊಳ್ಳಿ.

ಮೂರ್ನಾಲ್ಕು ವಾರ ದಾಟಿದ ಮೇಲೆ ಕಪ್ಪು ಅಥವಾ ಕಂದು ಭೇದಿ, ಲೋಳೆ, ರಕ್ತದ ಗೆರೆ, ಮರಿ ಬಾಲ ಎತ್ತಿ ಮುಕ್ಕುತ್ತದೆ ಅಂದರೆ ಕಾಕ್ಸಿಡಿಯಾ ಅನ್ನುವ, ಕಣ್ಣಿಗೆ ಕಾಣದ ಕರುಳಿನ ಪರೋಪಜೀವಿ ಇರಬಹುದು. ಇದಕ್ಕೆ ಜಂತುಹುಳದ ಔಷಧಿ ಕುಡಿಸುವವರೇ ಜಾಸ್ತಿ. ಕಾಕ್ಸಿಡಿಯಾ ಜಂತುಹುಳವೇ ಅಲ್ಲ, ಆ ಔಷಧಿ ಇದಕ್ಕೆ ನಾಟುವುದಿಲ್ಲ. ಹಿಕ್ಕೆ ಪರೀಕ್ಷೆ ಮಾಡಿಸಿದರೆ ಗೊತ್ತಾಗುತ್ತದೆ. ಬೆಳಗಿನ ಹೊಸ ಮಲವನ್ನು ಸಣ್ಣ ಡಬ್ಬಿಯಲ್ಲಿ ಹಾಕಿ ಪಶು ಆಸ್ಪತ್ರೆಗೆ ಒಯ್ಯಿರಿ. ಹಾಸನದ ಸುತ್ತಮುತ್ತ ಇರುವವರಿಗೆ ಪಶುವೈದ್ಯಕೀಯ ಕಾಲೇಜೂ ಇದೆ.

ಇನ್ನೊಂದು ಉಂಟು. ಭೇದಿ ಇಲ್ಲ, ಜ್ವರ ಇಲ್ಲ. ನಿನ್ನೆವರೆಗೆ ಕುಣಿಯುತ್ತಿದ್ದ ಮೂರರಿಂದ ಹತ್ತು ದಿನದ ಮರಿ ಇವತ್ತು ಒದ್ದೆ ಬಟ್ಟೆಯಂತೆ ಜೋಲು ಬಿದ್ದಿದೆ. ರಕ್ತದಲ್ಲಿ ಹುಳಿ ಏರಿದಾಗ ಹೀಗಾಗುತ್ತದೆ, ಹೊಟ್ಟೆ ಬಿರಿಯ ಹಾಲು ಕುಡಿದ ಮರಿಗಳಲ್ಲಿ ಹೆಚ್ಚು. ಹಾಲು ನಿಲ್ಲಿಸಿ ಡಾಕ್ಟರಿಗೆ ಹೇಳಿ. ಇದಕ್ಕೆ ಅವರು ಅಡುಗೆ ಸೋಡಾ ಕೊಡಬಹುದು. ಎಷ್ಟು ಅನ್ನುವುದನ್ನು ಅವರೇ ಹೇಳಲಿ.

## ಹಂತ 4: ಓಆರ್‌ಎಸ್, ಗಂಜಿಯೂ ಬೇಡ ಬೆಲ್ಲದ ನೀರೂ ಬೇಡ

ಈ ಹಂತದಲ್ಲೇ ಹೆಚ್ಚು ಮರಿಗಳು ಕೈತಪ್ಪುವುದು. ಹಾಗಾಗಿ ಸ್ವಲ್ಪ ವಿವರವಾಗಿ.

ಮನುಷ್ಯರ ಮಗುವಿಗೆ ಭೇದಿಯಾದರೆ ಸಕ್ಕರೆ, ಉಪ್ಪು ಕಲಸಿದ ನೀರು ಕೊಡುತ್ತೇವೆ, ಕೆಲಸವೂ ಮಾಡುತ್ತದೆ. ಮೇಕೆ ಮರಿಗೆ ಅದು ಸರಿಯಲ್ಲ. ಹಾಲು ಕುಡಿಯುವ ವಯಸ್ಸಿನ ಮರಿ, ಕರುಗಳ ಕರುಳಿಗೆ ಹಾಲಿನ ಸಕ್ಕರೆ ಮತ್ತು ಗ್ಲೂಕೋಸ್ ಅರಗುತ್ತದೆ. ನಾವು ಕಾಫಿಗೆ ಹಾಕುವ ಸಕ್ಕರೆಯನ್ನು ಒಡೆಯುವ ಕಿಣ್ವ ಅವಕ್ಕೆ ಇಲ್ಲ. ಅರಗದ ಸಕ್ಕರೆ ಕರುಳಲ್ಲಿ ಕೂತು ನೀರನ್ನು ಎಳೆಯುತ್ತದೆ, ಭೇದಿ ಇನ್ನೂ ಜೋರಾಗುತ್ತದೆ. ಬೆಲ್ಲದ ನೀರಿನದ್ದೂ ಇದೇ ಕಥೆ. ಅಕ್ಕಿ ಗಂಜಿ, ರಾಗಿ ಅಂಬಲಿಯಲ್ಲಿರುವ ಪಿಷ್ಟವೂ ಮೊದಲ ವಾರಗಳಲ್ಲಿ ಸರಿಯಾಗಿ ಅರಗುವುದಿಲ್ಲ. ನಮ್ಮ ಕಡೆ ರಾಗಿ ಅಂಬಲಿ ಯಾರಿಗೆ ತಾನೇ ಕೊಡುವುದಿಲ್ಲ, ಆದರೆ ಹತ್ತು ದಿನದ ಮರಿಗೆ ಬೇಡ.

ಮೆಡಿಕಲ್ ಶಾಪಿನಲ್ಲಿ ಸಿಗುವ ಡಬ್ಲ್ಯೂಎಚ್‌ಒ ಸೂತ್ರದ ಓಆರ್‌ಎಸ್ ಪುಡಿಯಲ್ಲಿ ಇರುವುದು ಗ್ಲೂಕೋಸ್. ಅದೇ ತನ್ನಿ. ದೊಡ್ಡ ಪ್ಯಾಕೆಟ್ 1 ಲೀಟರ್ ನೀರಿಗೆ, ಚಿಕ್ಕದು 200 ಮಿಲಿಗೆ. ಪ್ಯಾಕೆಟ್ ಮೇಲೆ ಓದಿಕೊಂಡೇ ಕಲಸಿ. ಗಟ್ಟಿಯಾಗಿ ಕಲಸಿದರೆ ಜಾಸ್ತಿ ಶಕ್ತಿ ಬರುತ್ತದೆ ಅನ್ನುವುದು ತಪ್ಪು, ಉಪ್ಪು ಏರಿ ಮರಿ ಸಾಯಬಹುದು. ಹಣ್ಣಿನ ರುಚಿಯ ರೆಡಿಮೇಡ್ ಡಬ್ಬಿಗಳು ಬೇಡ, ಅವುಗಳಲ್ಲಿ ಸಕ್ಕರೆಯೇ ಹೆಚ್ಚು. ಕುದಿಸಿ ಆರಿಸಿದ ನೀರಲ್ಲಿ ಕಲಸಿ, ಕೊಡುವ ಮುಂಚೆ ಹಾಲಿನಷ್ಟೇ ಬೆಚ್ಚಗೆ ಮಾಡಿ. 24 ಗಂಟೆ ಕಳೆದರೆ ಚೆಲ್ಲಿ.

ಎಷ್ಟು ಕೊಡಬೇಕು? 2 ಕೆ.ಜಿ. ಮರಿ ತನ್ನ ತೂಕದ ಶೇ. 8ರಷ್ಟು ನೀರು ಕಳೆದುಕೊಂಡಿದ್ದರೆ 160 ಮಿಲಿ ಬಾಕಿ ಬಿದ್ದಿದೆ. ಇದರ ಜೊತೆಗೆ ದಿನದ ಖರ್ಚಿಗೆ ಸುಮಾರು 200 ಮಿಲಿ ಬೇಕು. ಭೇದಿಯಲ್ಲಿ ಹೋಗುತ್ತಲೇ ಇರುವುದು ಬೇರೆ. ಹಾಗಾಗಿ ಅಂಥ ಮರಿಗೆ ಮೂರು ಗಂಟೆಗೊಮ್ಮೆ 60 ಮಿಲಿ ಕೊಟ್ಟರೆ ಲೆಕ್ಕ ಸರಿಹೋಗುತ್ತದೆ. ರಾತ್ರಿಯೂ ಎದ್ದು ಕೊಡಬೇಕು. ಸಂಜೆ ಏಳಕ್ಕೆ ಕೊಟ್ಟು ಬೆಳಿಗ್ಗೆ ಆರಕ್ಕೆ ನೋಡಿದರೆ ಹನ್ನೊಂದು ಗಂಟೆ ಖಾಲಿ ಹೋಗಿರುತ್ತದೆ.

ಓಆರ್‌ಎಸ್ ಅನ್ನು ಹಾಲಿಗೆ ಬೆರೆಸಬೇಡಿ. ಮರಿಯ ಹೊಟ್ಟೆಯಲ್ಲಿ ಹಾಲು ಮೊಸರಿನಂತೆ ಗಟ್ಟಿಯಾದರೇ ನಿಧಾನವಾಗಿ ಅರಗುವುದು. ಓಆರ್‌ಎಸ್‌ನ ಲವಣ ಅದಕ್ಕೆ ಅಡ್ಡ ಬರುತ್ತದೆ. ಎರಡಕ್ಕೂ ನಡುವೆ ಎರಡು ಗಂಟೆ ಅಂತರ ಇರಲಿ.

ಮರಿ ಹೀರುತ್ತಿಲ್ಲ ಅಂತ ಬಾಯಿ ಬಿಡಿಸಿ ಸಿರಿಂಜಿನಿಂದ ಜೋರಾಗಿ ಹೊಡೆಯಬೇಡಿ. ನುಂಗುವ ಶಕ್ತಿ ಇದ್ದರೆ ಮಾತ್ರ ಕೆನ್ನೆಯ ಒಳಬದಿಗೆ ಒಂದೊಂದೇ ಮಿಲಿ ಬಿಡಿ, ಗಂಟಲು ಆಡುವುದು ಕಂಡ ಮೇಲೆ ಇನ್ನೊಂದು. ಹೊಟ್ಟೆಗೆ ನಳಿಕೆ ಹಾಕುವುದನ್ನು ಡಾಕ್ಟರ್ ಕೈಹಿಡಿದು ಕಲಿಸಿದ ಮೇಲೆ ಮಾಡಿ, ವಿಡಿಯೋ ನೋಡಿ ಅಲ್ಲ.

## ಹಂತ 5: ಹಾಲನ್ನು ವಾಪಸ್ ತರುವುದು

ಒಂದು ಹೊತ್ತು, ಜಾಸ್ತಿ ಅಂದರೆ ಎರಡು ಹೊತ್ತು ಹಾಲು ಬಿಟ್ಟರೆ ಸಾಕು. ದಿನಗಟ್ಟಲೆ ಬರೀ ಓಆರ್‌ಎಸ್ ಮೇಲೆ ಇಟ್ಟರೆ ಮರಿ ಉಪವಾಸದಿಂದಲೇ ಸೋಲುತ್ತದೆ. ಓಆರ್‌ಎಸ್‌ನಲ್ಲಿ ನೀರು, ಉಪ್ಪು ಇದೆ, ಹೊಟ್ಟೆ ತುಂಬುವಷ್ಟು ಶಕ್ತಿ ಇಲ್ಲ. ಕರುಳಿನ ಒಳಪದರ ಮತ್ತೆ ಬೆಳೆಯಲು ಹಾಲೇ ಬೇಕು.

ಮೊದಲ ದಿನ ಮಾಮೂಲಿಯ ಅರ್ಧ ಹಾಲು, ಹೆಚ್ಚು ಸಲವಾಗಿ ಹಂಚಿ, ನಡುನಡುವೆ ಓಆರ್‌ಎಸ್. ಮರುದಿನ ಮುಕ್ಕಾಲು. ಮಲ ಗಟ್ಟಿಯಾಗುತ್ತಿದ್ದರೆ ಮೂರನೇ ದಿನ ಪೂರ್ತಿ. ಹಾಲಿಗೆ ನೀರು ಬೆರೆಸಿ ತೆಳ್ಳಗೆ ಮಾಡಬೇಡಿ, ಅಳತೆ ಕಮ್ಮಿ ಮಾಡಿ. ನೀರು ಹಾಕಿದ ಹಾಲೂ ಹೊಟ್ಟೆಯಲ್ಲಿ ಸರಿಯಾಗಿ ಗಟ್ಟಿಯಾಗುವುದಿಲ್ಲ.

ಹಿಂಭಾಗವನ್ನು ದಿನಕ್ಕೆರಡು ಸಲ ಬೆಚ್ಚಗಿನ ನೀರಲ್ಲಿ ತೊಳೆದು, ಒರೆಸಿ, ಕೊಬ್ಬರಿ ಎಣ್ಣೆ ಅಥವಾ ವ್ಯಾಸಲೀನ್ ಸವರಿ. ಮಳೆಗಾಲದಲ್ಲಿ ಇದನ್ನು ಬಿಟ್ಟರೆ ನೊಣ ಕೂತು ಹುಳ ಬೀಳುತ್ತದೆ.

## ಹಂತ 6: ಕಾರಣ ಹುಡುಕಿ, ಬಾಟಲಿಯಿಂದಲೇ ಶುರುಮಾಡಿ

ಮರಿ ಚೇತರಿಸಿಕೊಂಡ ಕೂಡಲೇ ಹಳೆ ಪದ್ಧತಿಗೆ ಹೋದರೆ ಭೇದಿ ಮತ್ತೆ ಬರುತ್ತದೆ. ಇವನ್ನು ಒಂದೊಂದಾಗಿ ನೋಡಿ.

ಅಳತೆ. ದಿನಕ್ಕೆ ಮೈತೂಕದ ಶೇ. 15ರಿಂದ 20. ಅಂದರೆ 2 ಕೆ.ಜಿ. ಮರಿಗೆ ಇಡೀ ದಿನಕ್ಕೆ 300ರಿಂದ 400 ಮಿಲಿ. ಮೊದಲ ವಾರ ಇದನ್ನು ಐದು ಸಲವಾಗಿ ಹಂಚಿದರೆ ಒಂದು ಸಲಕ್ಕೆ 60ರಿಂದ 80 ಮಿಲಿ, ಅಂದರೆ ಸಣ್ಣ ಕಾಫಿ ಲೋಟಕ್ಕಿಂತಲೂ ಕಮ್ಮಿ. ಇಷ್ಟೇನಾ ಅನ್ನಿಸುತ್ತದೆ, ಮರಿ ಬಾಟಲಿ ಬಿಡದೆ ಕಿರುಚುತ್ತದೆ. ಕಿರುಚಲಿ. ತಾಯಿಯ ಕೆಚ್ಚಲಿನಲ್ಲೂ ಅದಕ್ಕೆ ಒಂದೊಂದು ಸಲಕ್ಕೆ ಸಿಗುವುದು ಸ್ವಲ್ಪವೇ. ಬಾಟಲಿ ಮಾತ್ರ ಮುಗಿಯುವುದೇ ಇಲ್ಲ. ತೂಕ 5 ಕೆ.ಜಿ. ಆದಾಗ ದಿನಕ್ಕೆ 750 ಮಿಲಿಯನ್ನು ಮೂರು ಸಲವಾಗಿ ಕೊಡಬಹುದು. ವಾರಕ್ಕೊಮ್ಮೆ ತೂಗಿ ಅಳತೆ ಬದಲಿಸಿ.

ಶಾಖ. ಹಾಲು ಮರಿಯ ಮೈಯಷ್ಟೇ ಬೆಚ್ಚಗಿರಬೇಕು, 101ರಿಂದ 103 ಡಿಗ್ರಿ. ಮಣಿಕಟ್ಟಿನ ಮೇಲೆ ಹನಿ ಬಿಟ್ಟಾಗ ನಮಗೆ ಸ್ವಲ್ಪ ಬಿಸಿ ಅನ್ನಿಸಬೇಕು. ಬಿಸಿಯೂ ಇಲ್ಲ, ತಣ್ಣಗೂ ಇಲ್ಲ ಅನ್ನಿಸಿದರೆ ಮರಿಗೆ ಅದು ತಣ್ಣಗಿನ ಹಾಲು. ಬೆಳಿಗ್ಗೆ ಬಿಸಿ, ಮಧ್ಯಾಹ್ನ ಫ್ರಿಜ್‌ನಿಂದ ತೆಗೆದದ್ದು, ಹೀಗೆ ದಿನಕ್ಕೊಂದು ಥರ ಆಗಬಾರದು.

ಹಿಡಿಯುವ ಭಂಗಿ. ಮರಿ ನಿಂತಿರಬೇಕು, ಕತ್ತು ಮುಂದಕ್ಕೆ ಚಾಚಿ ಮೂತಿ ಸ್ವಲ್ಪ ಮೇಲಕ್ಕೆ ಇರಬೇಕು. ಹೀಗೆ ಹೀರಿದಾಗ ಅನ್ನನಾಳದ ತುದಿಯಲ್ಲಿ ಒಂದು ಮಡಿಕೆ ಮುಚ್ಚಿಕೊಂಡು, ಹಾಲು ಮೆಲುಕು ಹಾಕುವ ಹೊಟ್ಟೆಯನ್ನು ದಾಟಿ ನೇರ ನಾಲ್ಕನೇ ಹೊಟ್ಟೆಗೆ ಹೋಗುತ್ತದೆ. ಮಗುವಿನಂತೆ ತೊಡೆಯ ಮೇಲೆ ಅಂಗಾತ ಮಲಗಿಸಿ ಕುಡಿಸಿದರೆ ಹಾಲು ದಾರಿ ತಪ್ಪಿ ಮೊದಲ ಹೊಟ್ಟೆಗೋ ಶ್ವಾಸಕೋಶಕ್ಕೋ ಇಳಿಯುತ್ತದೆ. ಮೊದಲ ಹೊಟ್ಟೆಯಲ್ಲಿ ಹಾಲು ಹುಳಿಯಾಗಿ ಉಬ್ಬರ ಬರುತ್ತದೆ. ಫೋಟೋಗೆ ಮಡಿಲಲ್ಲಿ ಕೂರಿಸಿಕೊಳ್ಳಿ, ಹಾಲಿಗೆ ಬೇಡ.

ನಿಪ್ಪಲ್ ತೂತು. ಬಾಟಲಿ ತಲೆಕೆಳಗೆ ಹಿಡಿದರೆ ಹಾಲು ಹನಿ ಹನಿಯಾಗಿ ಬೀಳಬೇಕು, ಧಾರೆಯಾಗಿ ಅಲ್ಲ. ಬೇಗ ಮುಗಿಯಲಿ ಅಂತ ಕತ್ತರಿಯಲ್ಲಿ ತೂತು ದೊಡ್ಡದು ಮಾಡುವುದು ತುಂಬ ಕಡೆ ನೋಡುವ ಕೆಲಸ. ಮರಿ ಹೀರುವುದನ್ನು ಬಿಟ್ಟು ಗಟಗಟ ನುಂಗುತ್ತದೆ, ಆ ಮಡಿಕೆ ಸರಿಯಾಗಿ ಮುಚ್ಚುವುದಿಲ್ಲ.

ತೊಳೆಯುವುದು. ಮೊದಲು ತಣ್ಣೀರು, ಆಮೇಲೆ ಸೋಪು ಹಾಕಿದ ಬಿಸಿನೀರು. ಮೊದಲೇ ಬಿಸಿನೀರು ಹಾಕಿದರೆ ಹಾಲಿನ ಪ್ರೋಟೀನ್ ಒಳಗೆ ಅಂಟಿಕೊಂಡು ಕೂರುತ್ತದೆ. ನಿಪ್ಪಲನ್ನು ಒಳಗೆ ಹೊರಗೆ ತಿರುಗಿಸಿ ಉಜ್ಜಿ, ಬಾಟಲಿಯನ್ನು ಬೋರಲು ಹಾಕಿ ಒಣಗಿಸಿ. ಕುಡಿದು ಉಳಿದ ಹಾಲನ್ನು ಮುಂದಿನ ಹೊತ್ತಿಗೆ ಇಡಬೇಡಿ.

ಯಾವ ಹಾಲು. ಇನ್ನೊಂದು ಮೇಕೆಯದ್ದೇ ಸಿಕ್ಕರೆ ಅದಕ್ಕಿಂತ ಒಳ್ಳೆಯದಿಲ್ಲ. ಇಲ್ಲದಿದ್ದರೆ ಹಸುವಿನ ಗಟ್ಟಿ ಹಾಲು. ಪ್ಯಾಕೆಟ್ ಹಾಲೇ ಗತಿಯಾದರೆ ಕೆನೆ ಜಾಸ್ತಿ ಇರುವುದನ್ನು ನೋಡಿ, ಟೋನ್ಡ್ ಹಾಲಿನಲ್ಲಿ ಕೊಬ್ಬು ಶೇ. 3 ಮಾತ್ರ. ಕೆಚ್ಚಲು ಬಾವು ಬಂದ ಅಥವಾ ಇಂಜೆಕ್ಷನ್ ನಡೆಯುತ್ತಿರುವ ಹಸುವಿನ ಹಾಲನ್ನು 'ಡೈರಿಗೆ ಹಾಕಂಗಿಲ್ಲ, ಮರಿಗಾದ್ರೂ ಆಗ್ಲಿ' ಅಂತ ಕೊಡಬೇಡಿ. ಟೀ ಮಾಡುವ ಹಾಲಿನ ಪುಡಿಯೂ ಬೇಡ. ಒಂದು ಹಾಲಿನಿಂದ ಇನ್ನೊಂದಕ್ಕೆ ಹೋಗುವುದಾದರೆ ಕಾಲು ಭಾಗ, ಅರ್ಧ, ಮುಕ್ಕಾಲು ಹೀಗೆ ನಾಲ್ಕೈದು ದಿನದಲ್ಲಿ ಬದಲಿಸಿ.

## ಹಂತ 7: ಭೇದಿಯಲ್ಲ, ಉಬ್ಬರ ಅಥವಾ ಮಲ ಕಟ್ಟಿದ್ದರೆ

ಹಾಲು ಕುಡಿದ ಸ್ವಲ್ಪ ಹೊತ್ತಿಗೆ ಹೊಟ್ಟೆ ತಮಟೆಯಂತೆ ಬಿಗಿದು, ಮರಿ ಹಲ್ಲು ಕಡಿಯುತ್ತಾ ಕಾಲಲ್ಲಿ ಹೊಟ್ಟೆಗೆ ಒದ್ದುಕೊಂಡರೆ ಉಬ್ಬರ. ಹಾಲು ನಿಲ್ಲಿಸಿ. ಮುಂಗಾಲನ್ನು ಎತ್ತರದಲ್ಲಿ ಇರಿಸಿ, ಎರಡೂ ಪಕ್ಕೆಯನ್ನು ಅಂಗೈಯಲ್ಲಿ ಮೆಲ್ಲಗೆ ಒತ್ತಿ ತೀಡಿ. ತೇಗು ಬಂದರೆ ಸಮಾಧಾನ. ನಡೆಯಬಲ್ಲ ಮರಿಯನ್ನು ನಡೆಸಿ. ಅಡುಗೆ ಸೋಡಾ ಕುಡಿಸಬೇಡಿ. ನಾಲ್ಕನೇ ಹೊಟ್ಟೆಯ ಹುಳಿಗೆ ಅದು ಸೇರಿದರೆ ಗಾಳಿ ಇನ್ನೂ ಜಾಸ್ತಿ ಏಳುತ್ತದೆ. ಅರ್ಧ ಗಂಟೆಯಲ್ಲಿ ಇಳಿಯದಿದ್ದರೆ ಅಥವಾ ಉಸಿರಿಗೆ ಕಷ್ಟಪಟ್ಟರೆ ಆಸ್ಪತ್ರೆ. ಸೂಜಿ ಚುಚ್ಚಿ ಗಾಳಿ ತೆಗೆಯುವ ಸಾಹಸ ಬೇಡ.

ಮಲವೇ ಆಗುತ್ತಿಲ್ಲ, ಮುಕ್ಕುತ್ತಿದೆ ಅಂದರೆ ಮೊದಲು ಬಾಲ ಎತ್ತಿ ತೂತು ಇದೆಯೇ ನೋಡಿ. ಕೆಲವು ಮರಿಗಳು ಗುದದ್ವಾರವೇ ಇಲ್ಲದೆ ಹುಟ್ಟುತ್ತವೆ, ಅದಕ್ಕೆ ಆಪರೇಷನ್ ಒಂದೇ ದಾರಿ. ಇದ್ದು ಮುಚ್ಚಿಕೊಂಡಿದ್ದರೆ ತೊಳೆಯಿರಿ. ಒಳಗೆ ಗಟ್ಟಿಯಾಗಿದ್ದರೆ ಸೂಜಿ ಇಲ್ಲದ ಸಿರಿಂಜಿನ ತುದಿಗೆ ವ್ಯಾಸಲೀನ್ ಹಚ್ಚಿ, 10 ಮಿಲಿ ಬೆಚ್ಚಗಿನ ನೀರನ್ನು ನಿಧಾನ ಒಳಗೆ ಬಿಡಿ. ಹರಳೆಣ್ಣೆ ಕುಡಿಸುವ ಹಳೆ ರೂಢಿ ಇದೆ. ಎಳೆ ಕರುಳಿಗೆ ಅದು ಉರಿ, ಮಲಬದ್ಧತೆ ಹೋಗಿ ಭೇದಿ ಹಿಡಿಯುತ್ತದೆ.

## ಡಾಕ್ಟರನ್ನು ಕರೆಯಲು ಕಾಯಬಾರದ ಹೊತ್ತು

- ಶಾಖ 98.6ಕ್ಕಿಂತ ಕಮ್ಮಿ ಅಥವಾ 105ಕ್ಕಿಂತ ಜಾಸ್ತಿ
- ಎರಡು ಹೊತ್ತು ಸತತ ಬಾಟಲಿ ಮುಟ್ಟಿಲ್ಲ
- ಮಲದಲ್ಲಿ ರಕ್ತ
- ಎದ್ದು ನಿಲ್ಲುತ್ತಿಲ್ಲ, ಕತ್ತು ಹಿಂದಕ್ಕೆ ಸೆಟೆದಿದೆ, ಫಿಟ್ಸ್ ಬರುತ್ತಿದೆ
- ಕಣ್ಣು ಗುಳಿ ಬಿದ್ದಿದೆ, ಅರ್ಧ ದಿನದಿಂದ ಉಚ್ಚೆ ಹೊಯ್ದಿಲ್ಲ
- ಒಂದೇ ರೊಪ್ಪದಲ್ಲಿ ಎರಡನೇ ಮರಿಗೂ ಶುರುವಾಗಿದೆ

ಹತ್ತಿರದ ಪಶು ಆಸ್ಪತ್ರೆ ಸಿಗದಿದ್ದರೆ 1962ಕ್ಕೆ ಫೋನ್ ಮಾಡಿ, ಪಶು ಸಂಚಾರಿ ಚಿಕಿತ್ಸಾಲಯದ ಸಹಾಯವಾಣಿ ಅದು. ಮರಿಯ ವಯಸ್ಸು, ತೂಕ, ಶಾಖ, ಮಲದ ಬಣ್ಣ, ಕೊನೆಯ ಸಲ ಏನು ಎಷ್ಟು ಕುಡಿಯಿತು, ಏನು ಔಷಧಿ ಕೊಟ್ಟಿದ್ದೀರಿ, ಇಷ್ಟನ್ನು ಚೀಟಿಯಲ್ಲಿ ಬರೆದಿಟ್ಟುಕೊಂಡೇ ಮಾತಾಡಿ. ನಾಟಿ ಔಷಧಿ ಕೊಟ್ಟಿದ್ದರೆ ಮುಚ್ಚಿಡಬೇಡಿ.

ಮನುಷ್ಯರ ಭೇದಿ ನಿಲ್ಲಿಸುವ ಮಾತ್ರೆ ಕೊಡಬೇಡಿ. ಅದು ಕರುಳಿನ ಚಲನೆ ನಿಲ್ಲಿಸುತ್ತದೆ, ವಿಷ ಒಳಗೇ ಉಳಿಯುತ್ತದೆ. ಹೊರಗೆ ಭೇದಿ ನಿಂತಂತೆ ಕಾಣುತ್ತದೆ ಅಷ್ಟೇ. ಆ್ಯಂಟಿಬಯಾಟಿಕ್ ಕೂಡ ಡಾಕ್ಟರ್ ಬರೆದದ್ದು ಮಾತ್ರ. ಹಾಲು ಜಾಸ್ತಿಯಾಗಿ ಬಂದ ಭೇದಿಗೆ ಅದು ಬೇಕಾಗಿಯೇ ಇಲ್ಲ, ಕರುಳಿನ ಒಳ್ಳೆಯ ಜೀವಾಣುಗಳನ್ನೂ ಕೊಲ್ಲುತ್ತದೆ.

## ಹಂತ 8: ಮುಂದಿನ ಮರಿಗೆ ಈಗಲೇ ತಯಾರಿ

ಬಾಟಲಿ ಮರಿಗಳ ಹೊಟ್ಟೆ ಅಷ್ಟು ಸುಲಭಕ್ಕೆ ಕೆಡಲು ದೊಡ್ಡ ಕಾರಣ, ಅವಕ್ಕೆ ಗಿಣ್ಣು ಹಾಲು ಸಿಕ್ಕಿರುವುದಿಲ್ಲ. ರೋಗ ತಡೆಯುವ ಶಕ್ತಿ ಮರಿಗೆ ಗಿಣ್ಣಿನಿಂದಲೇ ಬರಬೇಕು. ಕರುಳು ಅದನ್ನು ಹೀರಿಕೊಳ್ಳುವುದು ಹುಟ್ಟಿದ ಮೊದಲ ಗಂಟೆಗಳಲ್ಲಿ, 24 ಗಂಟೆಗೆ ಬಾಗಿಲು ಮುಚ್ಚಿದ ಹಾಗೆಯೇ. ಒಂದೆರಡು ಗಂಟೆಯೊಳಗೆ ಕೆ.ಜಿ.ಗೆ 50 ಮಿಲಿಯಂತೆ ಮೊದಲ ಸಲ, ದಿನ ತುಂಬುವುದರೊಳಗೆ ಒಟ್ಟು ಕೆ.ಜಿ.ಗೆ 200 ಮಿಲಿ ಹತ್ತಿರ ಕೊಡಬೇಕು. ತಾಯಿ ಸತ್ತಿದ್ದರೆ ಅದೇ ದಿನ ಈದ ಇನ್ನೊಂದು ಮೇಕೆಯದ್ದು, ಅದೂ ಇಲ್ಲದಿದ್ದರೆ ಹಸುವಿನದ್ದು.

ಗಿಣ್ಣು ಹಾಲು ಕಂಡ ಕೂಡಲೇ ಏಲಕ್ಕಿ, ಬೆಲ್ಲ ಹುಡುಕುವುದು ನಮ್ಮ ಮನೆಗಳ ರೂಢಿ. ತಪ್ಪಲ್ಲ, ಆದರೆ ಮೊದಲು 100 ಮಿಲಿಯ ಒಂದೆರಡು ಡಬ್ಬಿ ಫ್ರೀಜರಿಗೆ ಹಾಕಿ, ಉಳಿದದ್ದಕ್ಕೆ ಬೆಲ್ಲ ಕುಟ್ಟಿ. ಬೇಕಾದಾಗ ಡಬ್ಬಿಯನ್ನು ಬೆಚ್ಚಗಿನ ನೀರಿನ ಪಾತ್ರೆಯಲ್ಲಿ ಇಟ್ಟು ಕರಗಿಸಿ. ಒಲೆಯ ಮೇಲೆ ಕಾಯಿಸಿದರೆ ಗಿಣ್ಣಾಗಿ ಗಟ್ಟಿಯಾಗುತ್ತದೆ, ಒಳಗಿನ ಶಕ್ತಿಯೂ ಹೋಗುತ್ತದೆ.

ಎರಡನೇ ವಾರದಿಂದ ಎಳೆ ಹುಲ್ಲು, ಹಲಸಿನ ಎಲೆ, ಅಗಸೆ ಸೊಪ್ಪು ಕಟ್ಟಿ ತೂಗುಹಾಕಿ. ನೆಲಕ್ಕೆ ಹಾಕಿದರೆ ಹಿಕ್ಕೆ ಬೆರೆತು ಕಾಕ್ಸಿಡಿಯಾಗೆ ದಾರಿ. ಲಂಟಾನ ಹತ್ತಿರ ಬಿಡಬೇಡಿ, ವಿಷ. ಕುಡಿಯುವ ನೀರು ಯಾವಾಗಲೂ ಇರಲಿ. ಹಿಂಡಿ, ಜೋಳದ ನುಚ್ಚು ಚಿಟಿಕೆಯಿಂದ ಶುರುಮಾಡಿ. ಒಂದೇ ದಿನ ಬೊಗಸೆ ಹಾಕಿದರೆ ಕರುಳುಬೇನೆಯ ಬ್ಯಾಕ್ಟೀರಿಯಾ ಹೆಚ್ಚಿಕೊಂಡು, ರಾತ್ರಿ ಚೆನ್ನಾಗಿದ್ದ ಮರಿ ಬೆಳಿಗ್ಗೆ ಸತ್ತು ಬಿದ್ದಿರುತ್ತದೆ. ಆ ಬೇನೆಗೆ ಲಸಿಕೆ ಇದೆ. ಗಬ್ಬದ ಮೇಕೆಗೆ ಈಯುವ ಒಂದು ತಿಂಗಳ ಮುಂಚೆ ಹಾಕಿಸಿದರೆ ಗಿಣ್ಣಿನ ಮೂಲಕ ಮರಿಗೂ ರಕ್ಷಣೆ ಸಿಗುತ್ತದೆ. ಮರಿಗೆ ಯಾವಾಗ ಅನ್ನುವುದನ್ನು ಪಶು ಆಸ್ಪತ್ರೆಯಲ್ಲಿ ಕೇಳಿ ಕ್ಯಾಲೆಂಡರಿನಲ್ಲಿ ಗುರುತು ಹಾಕಿ.

ಹಾಲು ಬಿಡಿಸುವುದು ಎರಡರಿಂದ ಮೂರು ತಿಂಗಳಿಗೆ, ಹುಟ್ಟಿದ ತೂಕದ ಎರಡೂವರೆ ಮೂರು ಪಟ್ಟು ಆದ ಮೇಲೆ, ಅದೂ ಮರಿ ಸೊಪ್ಪು ತಿಂದು ಮೆಲುಕು ಹಾಕುತ್ತಿದ್ದರೆ ಮಾತ್ರ. ಒಂದು ಹೊತ್ತು ತೆಗೆದು ಮೂರ್ನಾಲ್ಕು ದಿನ ಹಿಕ್ಕೆ ನೋಡಿ. ಕಾಳು ಕಾಳಾಗಿ, ಗಟ್ಟಿಯಾಗಿ ಬೀಳುತ್ತಿದ್ದರೆ ಇನ್ನೊಂದು ಹೊತ್ತು ತೆಗೆಯಿರಿ. ಮೆತ್ತಗಾದರೆ ಅಲ್ಲೇ ನಿಲ್ಲಿಸಿ, ಒಂದು ವಾರ ಬಿಟ್ಟು ಮುಂದುವರಿಸಿ.